ಸರ್ವರ್ ಇಲ್ವೋ, ಬೆರಳು ಹೊಂದಿಲ್ವೋ?

ಪ್ರಶ್ನೆ: ನಮ್ಮವ್ವ ಕಬ್ಬು ಕಡಿಯೋಕೆ ಹೋಗ್ತಾರೆ. ರೇಷನ್ ಅಂಗಡಿಯಲ್ಲಿ ಅವರ ಹೆಬ್ಬೆಟ್ಟು ತಗೊಳ್ಳೋದೇ ಇಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂತಾರೆ. ಆದ್ರೆ ಹಿಂದೆ ನಿಂತವರದ್ದು ಆಗಲೇ ಆಯ್ತು. ಇದೇನು ಸ್ವಾಮಿ?
— ಓದುಗ, ಪಾಂಡವಪುರ

ಉತ್ತರ: ಹಿಂದಿನವರದ್ದು ಆಯಿತು ಅಂದ್ಮೇಲೆ ಸರ್ವರ್ ಇತ್ತು, ಅಲ್ವಾ? ಕಬ್ಬು ಕಡಿದು ಕಡಿದು ಗೆರೆ ಸವೆದು, ಅವ್ವನ ಬೆರಳು ಹೊಂದದೇ ಇರೋದೇ ಜಾಸ್ತಿ ಸಾಧ್ಯ. ಅಂಗಡಿಯ ಮೆಷಿನ್ ತಾನೇ ಹೋಲಿಸಿ ನೋಡುವುದಿಲ್ಲ. ಬೆರಳಿನ ಗುರುತನ್ನು ಎನ್‌ಕ್ರಿಪ್ಟ್ ಮಾಡಿ, ಅಂದ್ರೆ ಬೇರೆಯವರು ಓದಲಾಗದ ಗುಟ್ಟಿನ ರೂಪಕ್ಕೆ ತಂದು, ಆಧಾರ್ ನಂಬರ್ ಜೊತೆ ದೂರದ ಕೇಂದ್ರಕ್ಕೆ ಕಳಿಸುತ್ತದೆ, ಅಲ್ಲಿ ಆ ನಂಬರಿನವರ ಬೆರಳುಗಳ ಜೊತೆ ಮಾತ್ರ ಹೋಲಿಸಿ ಹೌದು ಅಥವಾ ಅಲ್ಲ ಅಂತ ಹೇಳುತ್ತಾರೆ. ಅಲ್ಲ ಅಂದಾಗ ಒಂದು ಕೋಡ್ ಕೂಡ ಬರುತ್ತದೆ. 300 ಅಂದರೆ ಬಯೋಮೆಟ್ರಿಕ್, ಅಂದ್ರೆ ಬೆರಳು-ಕಣ್ಣಿನಂಥ ದೇಹದ ಗುರುತು, ಹೊಂದಲಿಲ್ಲ. 330 ಅಂದರೆ ಆಧಾರ್ ಇರುವವರೇ ತಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದಾರೆ. ಇದನ್ನೆಲ್ಲಾ ‘ಸರ್ವರ್ ಇಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಪಾಪ ಅವರು ಸುಮ್ನೆ ಅಲೆಯಬೇಕು, ನಾಳೆ ಬಂದರೂ ಸವೆದ ಗೆರೆ ಮೂಡುತ್ತದಾ?

ಮುಂದಿನ ಸಲ ಕೋಡ್ ಏನು ಅಂತ ಕೇಳಿ. ಕೈ ತೊಳೆದು ಒರೆಸಿ, ಬೇರೆ ಬೆರಳು ಇಡಲಿ. ನೋಂದಣಿಯಲ್ಲಿ ಹತ್ತೂ ಬೆರಳು, ಎರಡೂ ಕಣ್ಣಿನ ಗುರುತು ತಗೊಂಡಿರುತ್ತಾರೆ. ಆಗಲೂ 300 ಬಂದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಎರಡು ಕಂಪನಿಯ ಬೆರಳಚ್ಚು ಮೆಷಿನ್‌ಗಳನ್ನು ಒಂದೇ ಕ್ಲೌಡ್‌ಗೆ ಜೋಡಿಸಿದ್ದೇವೆ. ಒಂದರಲ್ಲಿ ನೋಂದಾಯಿಸಿದವರನ್ನು ಇನ್ನೊಂದು ಗುರುತಿಸುತ್ತಿಲ್ಲ. ಡೇಟಾ ಸರಿಯಾಗೇ ಹೋಗುತ್ತಿದೆ.
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಡೇಟಾ ಹೋಗಿರಬಹುದು ಮಗಳೇ, ಎರಡು ಮೆಷಿನ್ನೂ ಅದಕ್ಕೆ ಒಂದೇ ಅರ್ಥ ಕೊಡುತ್ತಿವೆಯಾ ನೋಡಿದ್ರಾ? ‘ಬೆರಳು 1’ ಅಂದರೆ ಯಾವುದು? ಬೆರಳಚ್ಚು ಡೇಟಾಗೆ ಇರುವ ಅಂತರರಾಷ್ಟ್ರೀಯ ಐಎಸ್‌ಒ 19794-2 ಮಾನದಂಡದ ಪ್ರಕಾರ 1 ಬಲಗೈ ಹೆಬ್ಬೆರಳು, 2 ತೋರುಬೆರಳು, 6 ಎಡಗೈ ಹೆಬ್ಬೆರಳು. 0 ಅಂದರೆ ಯಾವ ಬೆರಳೋ ಗೊತ್ತಿಲ್ಲ ಅಂತ. ಒಂದು ಕಂಪನಿಯವರು ಪ್ರೋಗ್ರಾಮರ್ ಅಭ್ಯಾಸದಂತೆ 0ಯಿಂದ ಎಣಿಸಿದ್ದರೆ ಅವರ 1 ತೋರುಬೆರಳಾಯಿತು, ಇನ್ನೊಬ್ಬರ 1 ಹೆಬ್ಬೆರಳು, ಪಾಪ ಕ್ಲೌಡ್ ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾ ಕೂರುತ್ತದೆ, ಯಾವ ಜನ್ಮಕ್ಕೂ ಹೊಂದಲ್ಲ.

ಇನ್ನೊಂದು, ‘ಗುರುತಿಸು’ ಅನ್ನೋದೇ ಎರಡು ಕೆಲಸ. ‘ಇವರು ಅವರೇನಾ’ ಅಂತ ನೋಡೋದು ಒಂದು, ರೇಷನ್ ಅಂಗಡಿಯಲ್ಲಿ ಆಗೋದು ಅದು. ‘ಇವರು ಯಾರು’ ಅಂತ ಎಲ್ಲರ ನಡುವೆ ಹುಡುಕೋದು ಇನ್ನೊಂದು. ಬೆರಳು ಎಷ್ಟು ಹೊಂದಿತು ಅಂತ ಕಂಪನಿಗಳು ಕೊಡುವ ಅಂಕವೂ ಅಷ್ಟೆ, ಒಬ್ಬರ 60 ಇನ್ನೊಬ್ಬರ 60 ಅಲ್ಲ. ಯಾವ ಪದಕ್ಕೆ, ಯಾವ ಸಂಖ್ಯೆಗೆ ಏನರ್ಥ ಅಂತ ಎರಡೂ ಕಡೆಗೆ ಒಂದೇ ಪಟ್ಟಿ ಬರೆದುಕೊಳ್ಳಿ. ಆದರೆ ಮೊದಲು ಆ 0 ಎಣಿಕೆ ನೋಡಿ.