ಸ್ಲಾಟ್ ಆ್ಯಂಟೆನಾ: ಲೆಕ್ಕದಲ್ಲಿ 30 ಡೆಸಿಬೆಲ್, ಅಳತೆಯಲ್ಲಿ 19

ಪ್ರಶ್ನೆ: ಡಬ್ಲ್ಯುಆರ್-90 ವೇವ್‌ಗೈಡ್‌ನ (ಮೈಕ್ರೋವೇವ್ ಸಾಗಿಸುವ ಆಯತಾಕಾರದ ಲೋಹದ ಕೊಳವೆ) ಅಗಲದ ಗೋಡೆಯಲ್ಲಿ ಉದ್ದುದ್ದಕ್ಕೆ 10 ಸ್ಲಾಟ್ (ಸೀಳು) ಕೊರೆದು, 9.375 ಗಿಗಾಹರ್ಟ್ಸ್‌ಗೆ ಆ್ಯಂಟೆನಾ ತಯಾರಿಸಿದ್ದೇನೆ. ಸೈಡ್‌ಲೋಬ್ (ಮುಖ್ಯ ಕಿರಣದ ಅಕ್ಕಪಕ್ಕ ಹೊರಡುವ ಬೇಡದ ಕಿರಣ) ಮೈನಸ್ 30 ಡೆಸಿಬೆಲ್‌ಗೆ ಇಳಿಯಲೆಂದು, ನಡುವಿನ ಸ್ಲಾಟ್‌ಗಳಿಗೆ ಹೆಚ್ಚು, ತುದಿಯವಕ್ಕೆ ಕಡಿಮೆ ಬಲ ಕೊಡುವ ಚೆಬಿಶೆವ್ ಹಂಚಿಕೆಯನ್ನು ಆರಿಸಿ, ಸ್ಟೀವನ್ಸನ್ ಸೂತ್ರದಿಂದ ಆಫ್‌ಸೆಟ್‌ಗಳನ್ನು (ಗೋಡೆಯ ನಡುಗೆರೆಯಿಂದ ಸ್ಲಾಟ್ ಸರಿದಿರುವ ದೂರ) ಕಂಡುಕೊಂಡೆ. ಸ್ಲಾಟ್‌ಗಳೆಲ್ಲ ಒಂದೇ ಉದ್ದದವು. ಅಳೆದಾಗ ಎಡಕ್ಕೆ ಮೈನಸ್ 19, ಬಲಕ್ಕೆ ಮೈನಸ್ 23 ಬರುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು 19 ಎಂಬ ಅಂಕಿಯಲ್ಲ, ಎಡಬಲಗಳ ನಡುವಿನ ವ್ಯತ್ಯಾಸ. ಎಲ್ಲ ಸ್ಲಾಟ್‌ಗಳೂ ಒಂದೇ ಫೇಸ್‌ನಲ್ಲಿದ್ದರೆ, ಅಂದರೆ ಅವುಗಳ ತರಂಗಗಳು ಏಕಕಾಲಕ್ಕೆ ಏರಿಳಿದರೆ, ಅವುಗಳ ಆ್ಯಂಪ್ಲಿಟ್ಯೂಡ್ (ತರಂಗದ ಬಲ) ಎಷ್ಟೇ ಏರುಪೇರಾಗಿದ್ದರೂ ಪ್ಯಾಟರ್ನ್ (ಯಾವ ದಿಕ್ಕಿಗೆ ಎಷ್ಟು ವಿಕಿರಣ ಎಂಬ ಚಿತ್ರ) ಎಡಬಲ ಒಂದೇ ತೆರನಾಗಿರುತ್ತದೆ. ಆದ್ದರಿಂದ ನಿಮ್ಮಲ್ಲಿ ಫೇಸ್ ದೋಷವಿದೆ, ಇಲ್ಲವೇ ಅಳತೆಯ ಜಾಗದಲ್ಲಿ ಪ್ರತಿಫಲನವಿದೆ. ಇವೆರಡನ್ನು ಬೇರ್ಪಡಿಸುವುದು ಸುಲಭ: ಆ್ಯಂಟೆನಾವನ್ನು ಮುಖ್ಯ ಕಿರಣದ ದಿಕ್ಕನ್ನೇ ಅಕ್ಷವಾಗಿಸಿಕೊಂಡು 180 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಎತ್ತರದ ಲೋಬ್ ಆ್ಯಂಟೆನಾದೊಂದಿಗೆ ಬಲಕ್ಕೆ ಬಂದರೆ ದೋಷ ಆ್ಯಂಟೆನಾದ್ದು. ಎಡಕ್ಕೇ ಉಳಿದರೆ ಸ್ಟ್ಯಾಂಡ್, ಕೇಬಲ್, ಗೋಡೆಗಳತ್ತ ನೋಡಬೇಕು. ಸುಮಾರು 22 ಸೆಂ.ಮೀ. ಉದ್ದದ ಈ ಆ್ಯಂಟೆನಾಕ್ಕೆ ಫಾರ್‌ಫೀಲ್ಡ್ ದೂರ (ಪ್ಯಾಟರ್ನ್ ಅಳೆಯಲು ಬೇಕಾದ ಕನಿಷ್ಠ ದೂರ) 3 ಮೀಟರ್ ಎಂದು ಪಠ್ಯದ ಸೂತ್ರ ಹೇಳುತ್ತದೆಯಾದರೂ, ಸೈಡ್‌ಲೋಬ್ ಇಷ್ಟು ಕೆಳಗಿರಬೇಕಾದಾಗ ನಾನು 6 ಮೀಟರಿಗಿಂತ ಹತ್ತಿರ ಅಳೆಯಲು ಒಪ್ಪುವುದಿಲ್ಲ.

ದೋಷ ಆ್ಯಂಟೆನಾದ್ದೇ ಆಗಿದ್ದರೆ ಮೊದಲು ಸ್ಲಾಟ್‌ಗಳ ನಡುವಿನ ಅಂತರವನ್ನು ಪರೀಕ್ಷಿಸಿ. ನಿಮ್ಮ ಆವರ್ತನದಲ್ಲಿ ಗೈಡ್‌ನೊಳಗಿನ ತರಂಗಾಂತರ 44.74 ಮಿ.ಮೀ., ಹಾಗಾಗಿ ಅಂತರ ಅದರ ಅರ್ಧ, 22.37 ಮಿ.ಮೀ. ಇರಬೇಕು. ಆವರ್ತನ ಶೇ. 1ರಷ್ಟು ಸರಿದರೆ ಈ ತರಂಗಾಂತರ ಸುಮಾರು ಶೇ. 2ರಷ್ಟು ಬದಲಾಗುತ್ತದೆ, ಒಂಬತ್ತು ಅಂತರಗಳಲ್ಲಿ ಅದು ಕೂಡುತ್ತಾ ಹೋಗಿ ಕೊನೆಯ ಸ್ಲಾಟ್ ತಲುಪುವ ಹೊತ್ತಿಗೆ ಫೇಸ್ ದೋಷ 30 ಡಿಗ್ರಿ ದಾಟುತ್ತದೆ. ಒಂದು ತುದಿಯಿಂದ ಫೀಡ್ ಆಗುವ ಗೈಡ್‌ನಲ್ಲಿ ಎಡಬಲ ಭೇದ ಹುಟ್ಟುವುದು ಹೆಚ್ಚಾಗಿ ಹೀಗೆಯೇ.

ಇನ್ನು ಎರಡೂ ಬದಿಯ ಲೋಬ್‌ಗಳು ಎತ್ತರದಲ್ಲಿರುವುದಕ್ಕೆ ಸ್ಲಾಟ್‌ಗಳ ಒಂದೇ ಉದ್ದವೇ ಮುಖ್ಯ ಕಾರಣವೆಂದು ನನ್ನ ಅನುಮಾನ. ಆಫ್‌ಸೆಟ್ ಹೆಚ್ಚಿದಂತೆ ಸ್ಲಾಟ್ ಅನುರಣಿಸುವ ಉದ್ದವೂ ಹೆಚ್ಚುತ್ತದೆ. ನಿಮ್ಮ ಹಂಚಿಕೆಯಲ್ಲಿ ಆ್ಯಂಪ್ಲಿಟ್ಯೂಡ್ ನಡುವೆ 1 ಇದ್ದರೆ ತುದಿಯಲ್ಲಿ 0.2575, ಕಂಡಕ್ಟೆನ್ಸ್ (ಸ್ಲಾಟ್ ಗೈಡ್‌ನಿಂದ ಎಳೆಯುವ ಶಕ್ತಿಯ ಅಳತೆ) ಇವುಗಳ ವರ್ಗಕ್ಕೆ ಅನುಪಾತದಲ್ಲಿದ್ದು ಒಟ್ಟು ಮೊತ್ತ 1 ಆಗಬೇಕಾದ್ದರಿಂದ, ಸ್ಟೀವನ್ಸನ್ 1948ರಲ್ಲಿ ಪ್ರಕಟಿಸಿದ ಸೂತ್ರ ನಡುವಿನ ಸ್ಲಾಟ್‌ಗೆ 3.03 ಮಿ.ಮೀ., ತುದಿಯದಕ್ಕೆ 0.76 ಮಿ.ಮೀ. ಆಫ್‌ಸೆಟ್ ಕೊಡುತ್ತದೆ. ಇಷ್ಟು ಭಿನ್ನವಾದ ಎರಡು ಸ್ಲಾಟ್‌ಗಳಿಗೆ ಒಂದೇ ಉದ್ದ ಕೊಟ್ಟರೆ ಒಂದಾದರೂ ಅನುರಣನ ತಪ್ಪುವುದು ಖಚಿತ. ಮಿಲ್ಲಿಂಗ್ ಕಟರ್ ಬಿಡುವ ದುಂಡನೆಯ ತುದಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಚೌಕ ತುದಿಯ ಸ್ಲಾಟ್‌ಗಿಂತ ಅದು ತುಸು ಉದ್ದವಿರಬೇಕಾಗುತ್ತದೆ.

ತುದಿಯ ಆ 0.76 ಮಿ.ಮೀ. ವರ್ಕ್‌ಶಾಪಿನವರ ತಲೆನೋವು. ಅಲ್ಲಿ 0.1 ಮಿ.ಮೀ. ತಪ್ಪಿದರೆ ಆ್ಯಂಪ್ಲಿಟ್ಯೂಡ್ ಶೇ. 13ರಷ್ಟು, ಅಂದರೆ 1 ಡೆಸಿಬೆಲ್‌ಗಿಂತ ಹೆಚ್ಚು ತಪ್ಪುತ್ತದೆ. ನಡುವಿನ ಸ್ಲಾಟ್‌ನಲ್ಲಿ ಅದೇ ತಪ್ಪಿಗೆ ಶೇ. 3 ಮಾತ್ರ. ಸಾಲದ್ದಕ್ಕೆ, ದುರ್ಬಲವಾದ ಈ ತುದಿ ಸ್ಲಾಟ್‌ಗೆ ಪಕ್ಕದ ಬಲಶಾಲಿ ಸ್ಲಾಟ್‌ನಿಂದ ಬರುವ ಪರಸ್ಪರ ಪ್ರಭಾವವೂ ಗಣನೀಯ. ಸ್ಟೀವನ್ಸನ್ ಸೂತ್ರ ಒಂಟಿ ಸ್ಲಾಟ್‌ನದು, ಅದಕ್ಕೆ ನೆರೆಹೊರೆ ಗೊತ್ತಿಲ್ಲ. ಆ್ಯಂಟೆನಾ ತಜ್ಞ ಎಲಿಯಟ್ 1970ರ ದಶಕದ ಕೊನೆಯಿಂದ ಬೆಳೆಸಿದ ವಿಧಾನದಲ್ಲಿ ಪರಸ್ಪರ ಪ್ರಭಾವವನ್ನು ಸೇರಿಸಿ, ಪ್ರತಿ ಸ್ಲಾಟ್‌ನ ಆಫ್‌ಸೆಟ್ ಮತ್ತು ಉದ್ದ ಎರಡನ್ನೂ ಒಟ್ಟಿಗೆ, ಬದಲಾವಣೆ ನಿಲ್ಲುವವರೆಗೆ ಮತ್ತೆ ಮತ್ತೆ ತಿದ್ದಲಾಗುತ್ತದೆ. ನೀವು ಈಗ ಕಂಡುಕೊಂಡ ಆಫ್‌ಸೆಟ್‌ಗಳು ಅದಕ್ಕೆ ಆರಂಭದ ಅಂದಾಜಾಗಿ ಸಲ್ಲುತ್ತವೆ. ಒಂಟಿ ಸ್ಲಾಟ್‌ನ ಅಡ್ಮಿಟೆನ್ಸ್ (ಕಂಡಕ್ಟೆನ್ಸ್ ಇದರ ಒಂದು ಭಾಗ) ದತ್ತಾಂಶವನ್ನು ಮಾತ್ರ ನಿಮ್ಮ ಗೋಡೆಯ ದಪ್ಪ, ನಿಮ್ಮ ಸ್ಲಾಟ್‌ನ ಅಗಲ ಇಟ್ಟುಕೊಂಡು ಸಿಮ್ಯುಲೇಶನ್‌ನಿಂದಲೇ ತೆಗೆಯಿರಿ. ಬೇರೆಯವರ ಗ್ರಾಫ್ ನಂಬಬೇಡಿ.

ಹೊಸ ಗೈಡ್ ಕೊರೆಸುವ ಮೊದಲು ಈಗಿನದನ್ನೇ 9.2ರಿಂದ 9.5 ಗಿಗಾಹರ್ಟ್ಸ್‌ವರೆಗೆ ಸಣ್ಣ ಹೆಜ್ಜೆಗಳಲ್ಲಿ ಅಳೆಯಿರಿ. ಕೆಳಗಿನ ಯಾವುದೋ ಆವರ್ತನದಲ್ಲಿ ಲೋಬ್‌ಗಳು ತಗ್ಗಿದರೆ ಸ್ಲಾಟ್‌ಗಳು ಒಟ್ಟಾರೆ ಉದ್ದವಾಗಿರುವ ಸಾಧ್ಯತೆ ಹೆಚ್ಚು, ಮೇಲಿನದರಲ್ಲಾದರೆ ಗಿಡ್ಡ. ಎಲ್ಲಿಯೂ ತಗ್ಗದಿದ್ದರೆ ತುದಿಯ ನಾಲ್ಕು ಸ್ಲಾಟ್‌ಗಳ ಆಫ್‌ಸೆಟ್‌ಗಳನ್ನು ಮೈಕ್ರೋಸ್ಕೋಪ್ ಕೆಳಗೆ ಅಳೆಸಿ.