ಸ್ಕಾಟ್ಲೆಂಡಿನ ಗ್ಲಾಸ್ಗೋದ ಬ್ಯಾರೋಲ್ಯಾಂಡ್: ಡಾನ್ಸ್ ಹಾಲೋ, ಸಂಗೀತದ ಹಾಲೋ?

ನೀವು ಕೇಳಿದ್ದು, ಬ್ಯಾರೋಲ್ಯಾಂಡ್ ಬಾಲ್‌ರೂಮ್ ಅಂತ ಹೆಸರಿದ್ದರೂ ಅಲ್ಲಿ ಬರೀ ರಾಕ್ ಕಾರ್ಯಕ್ರಮ ಯಾಕೆ ಅಂತ ಅಲ್ವಾ? ಮೊದಲು ಅದು ನಿಜವಾಗಿಯೂ ಕುಣಿಯುವ ಜಾಗವೇ ಆಗಿತ್ತು.

ಕಟ್ಟಿಸಿದ್ದು ಮ್ಯಾಗಿ ಮ್ಯಾಕೈವರ್. ಪಕ್ಕದ ಬ್ಯಾರಾಸ್ ಸಂತೆಯನ್ನು ಬೆಳೆಸಿದ ಹೆಂಗಸು. ಸಂತೆಯ ವ್ಯಾಪಾರಿಗಳಿಗೆ ಪ್ರತಿ ಕ್ರಿಸ್‌ಮಸ್‌ಗೂ ಊಟ, ಕುಣಿತ ಏರ್ಪಡಿಸುತ್ತಿದ್ದರಂತೆ, ಒಂದು ವರ್ಷ ಬಾಡಿಗೆಗೆ ಹಾಲ್ ಸಿಗದೆ ಹೋದಾಗ ನನ್ನದೇ ಒಂದು ಕಟ್ಟಿಸ್ತೀನಿ ಅಂತ ಹೊರಟರು ಅನ್ನೋದು ಅಲ್ಲಿನವರು ಹೇಳುವ ಕಥೆ. 1934ರ ಕ್ರಿಸ್‌ಮಸ್ ಹಿಂದಿನ ದಿನ ಬಾಗಿಲು ತೆರೆಯಿತು. 1958ರಲ್ಲಿ ಬೆಂಕಿಗೆ ಸಿಕ್ಕು ಸುಟ್ಟುಹೋಯಿತು, 1960ರಲ್ಲಿ ಮತ್ತೆ ಕಟ್ಟಿದರು. ಈಗ ನೀವು ನೋಡೋದು ಆ ಎರಡನೇ ಕಟ್ಟಡ.

ಆಮೇಲೆ ಕಾಲ ಬದಲಾಯಿತು. 1960ರ ದಶಕದ ಕೊನೆಗೆ ಅಲ್ಲಿಂದ ಮನೆಗೆ ಹೊರಟ ಮೂವರು ಹೆಂಗಸರ ಕೊಲೆಯಾಗಿ ಹೆಸರೂ ಕೆಟ್ಟಿತು. ಮರುಜನ್ಮ ಸಿಕ್ಕಿದ್ದು 1983ರಲ್ಲಿ, ಊರಿನದೇ ತಂಡ ಸಿಂಪಲ್ ಮೈಂಡ್ಸ್ ತಮ್ಮ ಹಾಡಿನ ವಿಡಿಯೋವನ್ನು ಅಲ್ಲಿ ಚಿತ್ರೀಕರಿಸಿದಾಗ. ಅಲ್ಲಿಂದಾಚೆ ಅದು ಸಂಗೀತದ ಜಾಗ, ಸುಮಾರು 1,900 ಜನ ಹಿಡಿಯುತ್ತದೆ.

ಕುಣಿಯೋಕೆ ಅಂತಲೇ ಹಾಕಿದ ಮರದ ನೆಲ ಸ್ವಲ್ಪ ಪುಟಿಯುತ್ತದೆ, ಇಡೀ ಜನ ಒಟ್ಟಿಗೆ ಕುಪ್ಪಳಿಸಿದರೆ ಕಾಲಿಗೇ ಗೊತ್ತಾಗುತ್ತದೆ. ಹಗಲು ಹೋಗಿ ಸುಮ್ನೆ ಗೋಡೆ ನೋಡಿ ಬರಬೇಡಿ. ಕಟ್ಟಡದ ಮುಂಭಾಗದ ದೊಡ್ಡ ನಿಯಾನ್ ಫಲಕ ರಾತ್ರಿಯೇ ನೋಡಬೇಕು.