ಬಸುರಿನ ವಾಂತಿಗೆ ಮಾತ್ರೆ ತಗೊಂಡರೆ ಮಗುವಿಗೆ ತೊಂದರೆಯಾಗುತ್ತಾ?

ಏಳನೇ ವಾರ, ದಿನಕ್ಕೆ ಐದಾರು ಸಲ ವಾಂತಿ. ಡಾಕ್ಟರ್ ಡಾಕ್ಸಿನೇಟ್ ಬರೆದುಕೊಟ್ಟಿದ್ದಾರೆ, ಅತ್ತೆ ಮಾತ್ರ ಮೂರು ತಿಂಗಳು ಯಾವ ಮಾತ್ರೆಯೂ ಬೇಡ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ತಗೊಳ್ಳಿ. ನಾನು ಡಾಕ್ಟರ್ ಅಲ್ಲ, ಎರಡು ಹೆತ್ತವಳು. ಮೊದಲ ಸಲ ಇದೇ ಮಾತ್ರೆಯನ್ನು ಬೀರುವಿನಲ್ಲಿಟ್ಟುಕೊಂಡು ಸಂಕಟಪಟ್ಟಿದ್ದೇನೆ.

ಆಗ ನಮ್ಮ ಮನೆಯಲ್ಲೂ ಎಲ್ಲರದ್ದೂ ಒಂದೇ ಮಾತು, ಬಸುರಿ ಅಂದಮೇಲೆ ವಾಂತಿ ಇರೋದೇ. ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಚಟಪಟ ಅಂದರೆ ಸಾಕು, ನಾನು ಬಚ್ಚಲಿಗೆ ಓಡುತ್ತಿದ್ದೆ. ತೀರಾ ತಡೆಯಲಾಗದ ದಿನ ಮಾತ್ರ, ಅದೂ ಬೆಳಗ್ಗೆ ಎರಡು ಸಲ ವಾಂತಿಯಾದ ಮೇಲೆ, ಒಂದು ಮಾತ್ರೆ ನುಂಗುತ್ತಿದ್ದೆ. ಅದೂ ಹೊರಗೆ ಬರುತ್ತಿತ್ತು. ಈ ಮಾತ್ರೆ ನನಗೆ ಹಿಡಿಯಲ್ಲ ಅಂದುಕೊಂಡು ಬಿಟ್ಟೆ. ಒಂಬತ್ತನೇ ವಾರಕ್ಕೆ ನೀರೂ ನಿಲ್ಲದಂತಾಯಿತು. 52 ಕೆಜಿ ಇದ್ದವಳು 48ಕ್ಕೆ ಇಳಿದಿದ್ದೆ. ಮೂತ್ರ ಪರೀಕ್ಷೆಯಲ್ಲಿ ಕೀಟೋನ್ ಬಂತು, ಅಂದರೆ ಊಟವಿಲ್ಲದೆ ಮೈ ತನ್ನ ಕೊಬ್ಬನ್ನೇ ಕರಗಿಸುತ್ತಿತ್ತು, ಅವತ್ತೇ ಅಡ್ಮಿಟ್ ಮಾಡಿಕೊಂಡರು. ನರ್ಸ್ ಗ್ಲೂಕೋಸ್‌ಗೂ ಮೊದಲು ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ತುಂಬ ದಿನ ಊಟ ನಿಲ್ಲದವರಿಗೆ ಬಿ1 ಇಲ್ಲದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದಂತೆ. ಅಲ್ಲಿಯವರೆಗೂ ಇದು ಇಷ್ಟು ದೊಡ್ಡ ವಿಷಯ ಅಂತ ನನಗೆ ಅನ್ನಿಸಿರಲೇ ಇಲ್ಲ.

ನಾನು ತಪ್ಪು ಮಾಡಿದ್ದು ಹೊತ್ತಿನಲ್ಲಿ. ಈ ಮಾತ್ರೆಯಲ್ಲಿ ಡಾಕ್ಸಿಲಮೈನ್ (ನೆಗಡಿ, ಅಲರ್ಜಿಗೆ ಕೊಡುವ ಜಾತಿಯ ಮದ್ದು) ಮತ್ತು ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್, ಸಾಮಾನ್ಯವಾಗಿ 10 ಮಿಲಿಗ್ರಾಂನಂತೆ ಇರುತ್ತವೆ. ಇದು ನಿಧಾನಕ್ಕೆ ಕೆಲಸ ಮಾಡುವ ಮಾತ್ರೆ. ರಾತ್ರಿ ಮಲಗುವಾಗ ನುಂಗಿದರೆ ಬೆಳಗಿನ ಸಂಕಟಕ್ಕೆ ಒದಗುತ್ತದೆ. ಬೆಳಗ್ಗೆ ವಾಂತಿ ಶುರುವಾದ ಮೇಲೆ ನುಂಗಿದರೆ ಆ ಹೊತ್ತಿನ ಸಂಕಟಕ್ಕೆ ಒದಗಲ್ಲ. ದಿನಾ ತಪ್ಪದೆ ತಗೊಳ್ಳಬೇಕು, ಅಗಿಯಬಾರದು, ಪುಡಿ ಮಾಡಬಾರದು. ಸಾಮಾನ್ಯವಾಗಿ ರಾತ್ರಿ ಎರಡು ಮಾತ್ರೆಯಿಂದ ಶುರು ಮಾಡಿಸುತ್ತಾರೆ. ಸಾಲದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಸೇರಿಸಿ ದಿನಕ್ಕೆ ನಾಲ್ಕರವರೆಗೆ. ನಿಮಗೆ ಮಾತ್ರ ನಿಮ್ಮ ಚೀಟಿಯಲ್ಲಿ ಬರೆದಿರುವುದೇ ಲೆಕ್ಕ. ನಿದ್ದೆ ಜೋರಾಗಿ ಬರುತ್ತೆ, ಹಾಗಾಗಿ ಸ್ಕೂಟಿ ಓಡಿಸಬೇಡಿ. ನೆಗಡಿ ಮಾತ್ರೆಯನ್ನೂ ಕೇಳದೆ ಇದರ ಜೊತೆ ತಗೊಳ್ಳಬೇಡಿ.

ಅತ್ತೆಯವರ ಭಯ ಸುಳ್ಳಲ್ಲ. 1950ರ ದಶಕದ ಕೊನೆಯಲ್ಲಿ ಥ್ಯಾಲಿಡೊಮೈಡ್ ಅನ್ನುವ ಮಾತ್ರೆಯನ್ನು ಬಸುರಿಯರಿಗೂ ಕೊಟ್ಟು, ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದವು. ಆದರೆ ಇದು ಆ ಮದ್ದಲ್ಲ. ಡಾಕ್ಸಿಲಮೈನ್ ಮಾತ್ರೆ ಅಮೆರಿಕದಲ್ಲಿ 1956ರಿಂದ ಇತ್ತು. ಮಕ್ಕಳಿಗೆ ದೋಷ ಬರುತ್ತದೆಂದು ಕೋರ್ಟಿಗೆ ಹೋದವರು ಜಾಸ್ತಿಯಾಗಿ 1983ರಲ್ಲಿ ಕಂಪನಿಯೇ ನಿಲ್ಲಿಸಿತು. ನಿಲ್ಲಿಸಿದ ಮೇಲೆ ದೋಷವಿರುವ ಮಕ್ಕಳು ಹುಟ್ಟುವುದು ಕಡಿಮೆಯಾಗಲಿಲ್ಲ, ವಾಂತಿಗೆ ಆಸ್ಪತ್ರೆ ಸೇರುವ ಬಸುರಿಯರು ಮಾತ್ರ ಹೆಚ್ಚಾದರು. 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಒಪ್ಪಿಗೆ ಕೊಟ್ಟಿತು.

ಮೆಡಿಕಲ್ ಶಾಪಿನಲ್ಲಿ ವಾಂತಿ ಮಾತ್ರೆ ಕೊಡಿ ಅಂದರೆ ಒಂಡಾನ್‌ಸೆಟ್ರಾನ್ ಕೊಟ್ಟುಬಿಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಅದನ್ನು ತಗೊಂಡವರಲ್ಲಿ ಸೀಳುತುಟಿ, ಸೀಳು ಅಂಗುಳಿನ ಸಾಧ್ಯತೆ 10,000ಕ್ಕೆ ಮೂರರಷ್ಟು ಹೆಚ್ಚು ಕಂಡಿದೆ. ಸಣ್ಣ ಲೆಕ್ಕವೇ, ಮೊದಲನೆಯದು ಸಾಲದಾಗ ಡಾಕ್ಟರೂ ಕೊಡುತ್ತಾರೆ. ನೀವಾಗಿಯೇ ತಂದು ನುಂಗಬೇಡಿ, ಅಷ್ಟೇ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವರಿಗೆ ಅದರಿಂದಲೇ ಹೊಟ್ಟೆ ತೊಳಸುತ್ತೆ. ಡಾಕ್ಟರ್ ಸ್ವಲ್ಪ ದಿನ ಮುಂದೂಡಬಹುದು. ಫೋಲಿಕ್ ಆಸಿಡ್ ಬಿಡಬೇಡಿ.

ಇನ್ನೊಂದು ಮಾತು. ಇದೆಲ್ಲ ನಿಮ್ಮ ಮನಸ್ಸಿನ ಆಟ ಅಂತ ಯಾರಾದರೂ ಅಂದರೆ ನಂಬಬೇಡಿ. ಜಿಡಿಎಫ್15 ಅನ್ನುವ ಹಾರ್ಮೋನು ಮಗು ಮತ್ತು ಮಾಸಿನ ಕಡೆಯಿಂದ ಬಂದು ವಾಂತಿ ಎಬ್ಬಿಸುತ್ತದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬಸುರಿಗೆ ಮುಂಚೆ ಮೈಯಲ್ಲಿ ಅದು ಕಡಿಮೆ ಇದ್ದವರಿಗೆ ಸಂಕಟ ಜಾಸ್ತಿ. ನನಗಂತೂ ಅದನ್ನು ಓದಿ ಕಣ್ಣಲ್ಲಿ ನೀರು ಬಂತು.

ಎಂಟು ಗಂಟೆ ಮೂತ್ರವೇ ಬರದಿದ್ದರೆ, ದಿನವಿಡೀ ನೀರು ನಿಲ್ಲದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಎರಡನೆಯ ಸಲ ಆರನೇ ವಾರದಿಂದಲೇ ರಾತ್ರಿ ಹೊತ್ತು ಸರಿಯಾಗಿ ತಗೊಂಡೆ. ವಾಂತಿ ಪೂರ್ತಿ ನಿಲ್ಲಲಿಲ್ಲ, ಆದರೆ ಹಾಸಿಗೆಯಲ್ಲೇ ಒಂದು ಹಿಡಿ ಮಂಡಕ್ಕಿ ತಿಂದು ಏಳುವಷ್ಟಾದೆ. ಆ ಸಲ ಚೆಕಪ್‌ಗೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಕೇಳಬೇಕಾದ್ದನ್ನೆಲ್ಲ ಅವರೇ ಡಾಕ್ಟರನ್ನು ಕೇಳಿದರು. ಅವತ್ತಿನಿಂದ ರಾತ್ರಿ ಒಂಬತ್ತೂವರೆಗೆ ಮಾತ್ರೆ, ಒಂದು ಲೋಟ ನೀರು ಹಿಡಿದು ನನ್ನ ಕೋಣೆಗೆ ಬರುತ್ತಿದ್ದವರು ಅವರೇ. ನಿಮ್ಮ ಅತ್ತೆಯನ್ನೂ ಒಮ್ಮೆ ಕರೆದುಕೊಂಡು ಹೋಗಿ ನೋಡಿ.